ಸೌರಫಲಕ ಹೊತ್ತು ಹೊರಟ ಕುಟುಂಬಕ್ಕೆ

2008ರಲ್ಲಿ ಅಮೆರಿಕದ ಪ್ರಸೂತಿ ವೈದ್ಯೆ ಲಾರಾ ಸ್ಟೇಚೆಲ್ ಉತ್ತರ ನೈಜೀರಿಯಾದ ಆಸ್ಪತ್ರೆಯೊಂದಕ್ಕೆ ಹೋದರು. ಕರೆಂಟ್ ಹೋದರೆ ಅಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ ಎಲ್ಲವೂ ಕತ್ತಲಲ್ಲೇ. ಸೌರವಿದ್ಯುತ್ ಕಲಿಸುತ್ತಿದ್ದ ಪತಿ ಹ್ಯಾಲ್ ಅರಾನ್ಸನ್ ಆ ಆಸ್ಪತ್ರೆಗೆಂದು ಸೌರವ್ಯವಸ್ಥೆ ರೂಪಿಸಿದರು. ಅದನ್ನು ತೋರಿಸಲು ಮಾಡಿದ ಪುಟ್ಟ ಮಾದರಿಯೇ ಮುಂದೆ 'ಸೋಲಾರ್ ಸೂಟ್‌ಕೇಸ್' ಆಗಿ ಹಲವು ದೇಶಗಳ ಹೆರಿಗೆ ಕೋಣೆಗಳನ್ನು ಬೆಳಗಿತು.

ಮನೆಮಂದಿಯೆಲ್ಲ ಕೂಡಿ ಇಂಥ ಕೆಲಸಕ್ಕೆ ವಿದೇಶಕ್ಕೆ ಹೊರಡುವವರು ಮೊದಲು ಬ್ಯಾಟರಿಯ ಬಗ್ಗೆ ಯೋಚಿಸಬೇಕು. 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ ಪ್ರಯಾಣಿಕರ ಲಗೇಜಿನಲ್ಲಿ ಒಯ್ಯುವಂತಿಲ್ಲ. ಆದಷ್ಟೂ ಅಲ್ಲೇ ಕೊಳ್ಳುವುದು ಲೇಸು. ಕೆಟ್ಟಾಗ ಬದಲಿಯೂ ಅಲ್ಲೇ ಸಿಗುತ್ತದೆ.

ದಿಕ್ಕು ಮರೆಯಬೇಡಿ. ಕರ್ನಾಟಕದಲ್ಲಿ ದಕ್ಷಿಣಕ್ಕೆ ಮುಖ ಮಾಡುವ ಫಲಕ ಜಾಂಬಿಯಾದಲ್ಲಿ, ಮಲಾವಿಯಲ್ಲಿ ಉತ್ತರಕ್ಕೆ ತಿರುಗಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಕಲಿಸಲು ಸಮಯ ಮೀಸಲಿಡಿ. ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜು ಆಫ್ರಿಕಾದ ಹಳ್ಳಿಗಳ ಅಜ್ಜಿಯರಿಗೆ ಸೌರದೀಪ ಜೋಡಿಸುವುದನ್ನೂ ರಿಪೇರಿಯನ್ನೂ ಕಲಿಸಿದೆ. ಅಕ್ಷರ ಬಾರದವರೂ ಕಲಿತಿದ್ದಾರೆ. ಹಾಗಾಗಿ ಊರಿನ ಇಬ್ಬರಿಂದಾದರೂ ಫಲಕದ ಧೂಳು ಒರೆಸುವುದು, ಫ್ಯೂಸ್ ಬದಲಿಸುವುದು, ಬ್ಯಾಟರಿ ಪರೀಕ್ಷಿಸುವುದನ್ನು ಕೈಯಾರೆ ಮಾಡಿಸಿ. ಬಿಡಿಭಾಗಗಳನ್ನು ಅವರ ವಶಕ್ಕೆ ಒಪ್ಪಿಸಿಯೇ ವಿಮಾನ ಹತ್ತಿ.