ಪಾಲುಪಟ್ಟಿಯಲ್ಲಿ ನೀರು, ದಾರಿಯನ್ನೂ ಬರೆಯಿರಿ

ಆಸ್ತಿಗೆ ಮುಂಚೆಯೇ ವ್ಯವಸ್ಥೆ ಮಾಡಿಡುವುದು ಸಾಹುಕಾರರ ಕೆಲಸ, ನಮಗ್ಯಾಕೆ ಅಂತ ನಮ್ಮ ರೈತರು ಹೇಳುವುದುಂಟು. ನನಗೇನೋ ಇದು ತಿರುವುಮುರುವು ಅನ್ನಿಸುತ್ತದೆ. ನೂರು ಎಕರೆಯವರ ಮಕ್ಕಳು ಹತ್ತು ವರ್ಷ ಕೋರ್ಟಿಗೆ ಅಲೆದರೂ ಉಣ್ಣಲು ಉಳಿದಿರುತ್ತದೆ. ಆರು ಎಕರೆ ಖುಷ್ಕಿಯವರ ಮಕ್ಕಳು ಅಲೆದರೆ ಹೊಲವೇ ವಕೀಲರ ಫೀಜಿಗೆ ಹೋಗುತ್ತದೆ.

ಬರೆದಿಡದೆ ಹೋದರೆ?

ಹಿಂದೂ ಕುಟುಂಬದ ಲೆಕ್ಕ ಹೇಳುತ್ತೇನೆ. ಬೇರೆಯವರಿಗೆ ಕಾನೂನು ಬೇರೆ. ಸ್ವಂತ ದುಡಿಮೆಯ 6 ಎಕರೆ ಇದೆ. ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಯಜಮಾನ ಏನೂ ಬರೆಯದೆ ತೀರಿಕೊಂಡರೆ 1956ರ ಉತ್ತರಾಧಿಕಾರ ಕಾಯ್ದೆಯಂತೆ ಐದು ಸಮಪಾಲು. ತಲಾ 1 ಎಕರೆ 8 ಗುಂಟೆ.

ಪಿತ್ರಾರ್ಜಿತವಾದರೆ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಇದು 2005ರ ತಿದ್ದುಪಡಿ. ಅಪ್ಪ ಅದಕ್ಕೆ ಮುಂಚೆ ಸತ್ತಿದ್ದರೂ ಹಕ್ಕಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 20-12-2004ಕ್ಕೆ ಮುಂಚೆ ರಿಜಿಸ್ಟರಾದ ಪಾಲನ್ನು ಮಾತ್ರ ಕೆದಕುವಂತಿಲ್ಲ. ‘ಮದುವೇಲಿ ಕೊಟ್ಟಾಯ್ತಲ್ಲ’ ಅನ್ನುವ ಮಾತು ಕೋರ್ಟಿನಲ್ಲಿ ನಿಲ್ಲದು.

ಉಯಿಲು

ಉಯಿಲನ್ನು ಬಿಳಿ ಹಾಳೆಯಲ್ಲೇ ಬರೆಯಬಹುದು. ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳ ರುಜು ಬೇಕೇ ಬೇಕು. ರಿಜಿಸ್ಟರ್ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮನಸ್ಸು ಬದಲಾದರೆ ಬೇರೆ ಬರೆಯಬಹುದು, ಕೊನೆಯದೇ ಊರ್ಜಿತ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗಷ್ಟೇ ಉಯಿಲು ಮಾಡಬಹುದು.

ಹೊಲ ಸೀಳುವ ಬಗೆ

ಬದುಕಿರುವಾಗಲೇ ಪಾಲು ಮಾಡುವುದಾದರೆ 11ಇ ನಕ್ಷೆ ಮಾಡಿಸಿ, ಪಾಲುಪಟ್ಟಿ ರಿಜಿಸ್ಟರ್ ಮಾಡಿಸಿ. ಎಲ್ಲರಿಗೂ ದಾರಿ ಸಿಗಲಿ ಅಂತ ನಮ್ಮಲ್ಲಿ ಇಳಿಜಾರಿನ ಉದ್ದಕ್ಕೂ ಪಟ್ಟಿ ಪಟ್ಟಿ ಸೀಳುತ್ತಾರೆ. ಆಮೇಲೆ ಉಳುಮೆಯೂ ಮೇಲಿಂದ ಕೆಳಕ್ಕೆ, ಮಳೆ ನೀರಿನ ಜೊತೆ ಮಣ್ಣೂ ಕೆಳಕ್ಕೆ. ಇಳಿಜಾರಿಗೆ ಅಡ್ಡಲಾಗಿ, ಹಳೇ ಬದುಗಳನ್ನೇ ಗಡಿ ಮಾಡಿಕೊಂಡು ಹಂಚುವುದು ಮೇಲು. ಹಾಗೆ ಹಂಚಿದಾಗ ದಾರಿಯನ್ನೂ ಮಳೆ ನೀರು ಹೋಗುವ ಕೋಡಿಯನ್ನೂ ಪತ್ರದಲ್ಲಿ ಕಾಣಿಸಲೇಬೇಕು.

ಪಕ್ಕದ ಊರಲ್ಲಿ ಅಣ್ಣತಮ್ಮಂದಿರ ಪತ್ರದಲ್ಲಿ ಎಕರೆ ಗುಂಟೆ ಬಿಟ್ಟು ಬೇರೇನೂ ಇರಲಿಲ್ಲ. ಬೋರು ಅಣ್ಣನ ಪಾಲಿನಲ್ಲಿತ್ತು. ಒಂದು ಬೇಸಿಗೆ ಸ್ಟಾರ್ಟರಿಗೆ ಬೀಗ ಬಿತ್ತು, ತಮ್ಮನ ಮಾವಿನ ಸಸಿ ಒಣಗಿದವು. ಈಗ ಇಬ್ಬರಿಗೂ ಮಾತಿಲ್ಲ.

ಆದ್ದರಿಂದ ಇವಿಷ್ಟು ಬರೆಯಿರಿ:

1. ಬೋರಿನ ಪಾಳಿ ಯಾವ ದಿನ ಯಾರಿಗೆ, ಮೋಟಾರು ಕೆಟ್ಟರೆ ಖರ್ಚು ಯಾರದು.
2. ಗಾಡಿ ದಾರಿ ಎಷ್ಟು ಅಡಿ, ಯಾವ ಬದುವಿನ ಮೇಲೆ.
3. ಹುಣಸೆ, ಬೇವು ಮುಂತಾದ ಮರ ಯಾರಿಗೆ.
4. ಸೊಸೈಟಿ ಸಾಲ ತೀರಿಸುವವರು ಯಾರು.
5. ಅಪ್ಪ ಅವ್ವ ತಮಗೆಂದು ಉಳಿಸಿಕೊಂಡ ಜಮೀನು ಎಷ್ಟು. ಇದನ್ನು ಮರೆತು ಎಲ್ಲಾ ಕೊಟ್ಟು ಕೈ ಚಾಚಬೇಡಿ.

ಪೌತಿ ಖಾತೆ

ತಾತನ ಹೆಸರಲ್ಲೇ ಪಹಣಿ ಇರುವ ಮನೆಗಳು ಇನ್ನೂ ಇವೆ. ಸಾಲಕ್ಕೆ, ಬೆಳೆ ಪರಿಹಾರಕ್ಕೆ ಹೋದಾಗ ತೊಡಕು. ಸಾವನ್ನು 21 ದಿನದೊಳಗೆ ನೋಂದಾಯಿಸಿ. ಮರಣ ಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಒಬ್ಬ ಮಗನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ, ಇದೂ ನೆನಪಿರಲಿ.

ಹೋದ ಬೇಸಿಗೆ ನಾನು ಮಗಳು ಅಳಿಯನನ್ನೂ ಕರೆಸಿ, ಎಲ್ಲರನ್ನೂ ಹೊಲದಲ್ಲೇ ನಿಲ್ಲಿಸಿ ಮಾತಾಡಿದೆ. ಎರಡು ದಿನ ಹಿಡಿಯಿತು, ಜೋರು ಮಾತೂ ಆಯಿತು. ನಾವು ಎದುರಿಗಿದ್ದಾಗ ಆಗುವ ಜಗಳ ಊಟದ ಹೊತ್ತಿಗೆ ಮುಗಿಯುತ್ತದೆ. ಸುಗ್ಗಿ ಮುಗಿದ ಮೇಲೆ ನೀವೂ ಕೂರಿಸಿ ಮಾತಾಡಿ.