ಮರ, ಅರಿವಿ, ಸೀಮೆಸುಣ್ಣ, ತತ್ತಿ: ಐಕಾನ್ ಬರೆಯುವ ಪಾಠ

ಐಕಾನ್ ಅಂದಕೂಡಲೇ ನಮ್ಮಂಥವರ ಹೆಬ್ಬೆರಳು ಮೊಬೈಲಿನ ಮೇಲೆ ಹೋಗುತ್ತದೆ. ಆ ಶಬ್ದದ ತವರುಮನೆ ಬೇರೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಪ್ರತಿರೂಪ, ಹೋಲಿಕೆ. ಗ್ರೀಸ್, ರಷ್ಯಾ ಕಡೆಯ ಆರ್ಥೊಡಾಕ್ಸ್ ಕ್ರೈಸ್ತರು ಯೇಸು, ಮರಿಯಮ್ಮ, ಸಂತರನ್ನು ಮರದ ಹಲಗೆಯ ಮೇಲೆ ಬರೆದು, ಮುಂದೆ ದೀಪ ಹಚ್ಚಿ ಪ್ರಾರ್ಥಿಸುತ್ತಾರಲ್ಲ, ಆ ಚಿತ್ರವೇ ಐಕಾನ್. ಅದನ್ನು ಕಲಿಸುವ ಶಿಬಿರಗಳು ಈಗ ಅನೇಕ ದೇಶಗಳ ಮಠಗಳಲ್ಲಿ, ಧ್ಯಾನಕೇಂದ್ರಗಳಲ್ಲಿ ನಡೆಯುತ್ತವೆ. ಸಾಮಾನ್ಯವಾಗಿ ಐದಾರು ದಿನ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಮಾತು ಕಡಿಮೆ, ಕೆಲಸ ಹೆಚ್ಚು. ಭಕ್ತಿ ಇರಲಿ ಬಿಡಲಿ, ಮೆಟೀರಿಯಲ್ ಸೈನ್ಸ್ ಓದುವವರು ಈ ಪಾಠವನ್ನೊಮ್ಮೆ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಈ ಶಿಬಿರಗಳಲ್ಲಿ ‘ಐಕಾನ್ ಪೇಂಟ್ ಮಾಡೂದಲ್ಲ, ಬರಿಯೂದು’ ಅಂತ ಬಹಳ ಒತ್ತಿ ಹೇಳುತ್ತಾರೆ. ಗ್ರೀಕಿನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಕನ್ನಡದವರಿಗೆ ಇದರಲ್ಲಿ ಹೊಸದೇನಿಲ್ಲ ನೋಡ್ರಿ. ನಾವು ಮೊದಲಿಂದಲೂ ಪತ್ರನೂ ಬರೀತೀವಿ, ಚಿತ್ರನೂ ಬರೀತೀವಿ.

ನಮ್ಮ ಭಾಗದಲ್ಲಿ ಐಕಾನ್ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಧಾರವಾಡಕ್ಕೆ 1837ರಲ್ಲಿ ಬಂದ ಬಾಸೆಲ್ ಮಿಷನ್ ಪ್ರಾಟೆಸ್ಟಂಟರದು. ಅವರ ಒತ್ತು ಅಕ್ಷರದ ಮೇಲೆ, ಹಾಗಾಗಿ ನಮಗೆ ಸಿಕ್ಕದ್ದು ಶಾಲೆ, ಅಚ್ಚಿನ ಪುಸ್ತಕ, ಕಿಟೆಲ್ಲರ ನಿಘಂಟು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೆನಿ ಬರೆದ ಚಿತ್ರಗಳಿವೆ. ಸೊಗಸಾಗಿವೆ, ಆದರೆ ನೆರಳು-ಬೆಳಕು, ದೂರ-ಸಮೀಪ ತೋರಿಸುವ ಆ ಶೈಲಿ ಐಕಾನಿಗೆ ದೂರ. ಬೆಂಗಳೂರಿನ ಉತ್ತರಕ್ಕೆ ಸಿಲ್ವೇಪುರದಲ್ಲಿ ನೆಲೆಸಿ ಕಲಾ ಆಶ್ರಮ ಕಟ್ಟಿದ ಜ್ಯೋತಿ ಸಾಹಿ ಕ್ರೈಸ್ತ ಚಿತ್ರವನ್ನು ಭಾರತದ ರೂಪಗಳಲ್ಲಿ ಹುಡುಕಿದವರು. ಅವರದು ಬೇರೆ ದಾರಿ. ಆದರೆ ಕಸುಬಿನ ಮಟ್ಟಿಗೆ ಐಕಾನಿನ ಹತ್ತಿರದ ಬಂಧು ನಮ್ಮ ಮಗ್ಗುಲಲ್ಲೇ, ಕೊಪ್ಪಳದ ಕಿನ್ನಾಳದಲ್ಲಿ ಇದ್ದಾನೆ.

ಮೊದಲು ಹಲಗೆ. ಮರ ಸುಮ್ಮನೆ ಕೂಡುವ ವಸ್ತುವಲ್ಲ. ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ತೀರಾ ಕಡಿಮೆ, ಅಡ್ಡಕ್ಕೆ ಹೆಚ್ಚು. ಅದಕ್ಕೇ ಹಲಗೆಯ ಬೆನ್ನಿನಲ್ಲಿ ಎಳೆಗೆ ಅಡ್ಡವಾಗಿ ಕಾಲುವೆಯಂತೆ ಕೊರೆದು ಎರಡು ಗಟ್ಟಿ ಪಟ್ಟಿ ತೂರಿಸುತ್ತಾರೆ. ಅಂಟು ಹಾಕುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಹಲಗೆ ಪಟ್ಟಿಯ ಮೇಲೆ ಜಾರಲಿ, ಆದರೆ ಡೊಂಕಾಗಬಾರದು. ಸಿವಿಲ್‌ನವರಿಗೆ ಇದು ರೋಲರ್ ಸಪೋರ್ಟ್ ಅಂತ ತಕ್ಷಣ ಹೊಳೆಯುತ್ತದೆ.

ಅದರ ಮೇಲೆ ಅಂಟಿನಲ್ಲಿ ಅದ್ದಿದ ಲಿನನ್ ಅರಿವಿ. ಅರಿವಿಯ ಮೇಲೆ ಪ್ರಾಣಿಯ ತೊಗಲಿನ ಅಂಟು, ಸೀಮೆಸುಣ್ಣದ ಪುಡಿ ಕಲಸಿದ ಬಿಳಿ ಲೇಪ. ರಷ್ಯನ್ನರು ಇದಕ್ಕೆ ‘ಲೆವ್ಕಾಸ್’ ಅನ್ನುತ್ತಾರೆ. ಒಂದು ಪದರ ಆರಿದ ಮೇಲೆ ಇನ್ನೊಂದು, ಹೀಗೆ ಎಂಟು-ಹತ್ತು ಪದರ. ಆಮೇಲೆ ಉಜ್ಜಿ ಉಜ್ಜಿ ದಂತದಂತೆ ನುಣುಪು ಮಾಡುವುದು. ಮರ ಅಲುಗುತ್ತದೆ, ಸುಣ್ಣದ ಲೇಪ ಪೆಡಸು. ನಡುವಿನ ಅರಿವಿ ಇಬ್ಬರ ಜಗಳ ಬಿಡಿಸುವ ಹಿರಿಯನಂತೆ ಎಳೆತವನ್ನು ತಾನು ತಿನ್ನುತ್ತದೆ.

ಈಗ ಕಿನ್ನಾಳದ ಚಿತ್ರಗಾರರ ಕ್ರಮ ನೋಡ್ರಿ. ಹಗುರ ಮರದಲ್ಲಿ ಗೊಂಬೆ ಕೆತ್ತಿ ಜೋಡಿಸುತ್ತಾರೆ. ಗೋಣಿಯ ಚಿಂದಿ ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ಚೂರು. ಬಟ್ಟೆಯ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಮರ, ಅರಿವಿ, ಬಿಳಿಲೇಪ, ಬಣ್ಣ: ಅದೇ ಸರಣಿ! ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಟ್ಟರು ಅಂತ ವಾದಿಸಬೇಕಿಲ್ಲ. ಮರದ ಸ್ವಭಾವ ಎಲ್ಲಾ ಕಡೆ ಒಂದೇ, ಹಾಗಾಗಿ ಉತ್ತರವೂ ಒಂದೇ ಬಂದಿದೆ.

ಬಂಗಾರದಲ್ಲಿ ಮಾತ್ರ ದಾರಿ ಬೇರೆ. ಐಕಾನಿಗೆ ನಿಜವಾದ ಬಂಗಾರದ ತಗಡು, ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟು ತೆಳುವು. ಕೆಳಗೆ ಅಂಟು ಬೆರೆಸಿದ ಕೆಂಪುಮಣ್ಣಿನ ಲೇಪ ಇರುತ್ತದೆ. ಅದರ ಮೇಲೆ ಬಾಯಿಂದ ‘ಹಾ’ ಅಂತ ಬಿಸಿಯುಸಿರು ಬಿಟ್ಟರೆ ತೇವಕ್ಕೆ ಅಂಟು ಎಚ್ಚರಾಗುತ್ತದೆ, ತಗಡು ಹಿಡಿಯುತ್ತದೆ. ಫ್ಯಾನ್ ಹಾಕಿಕೊಂಡು ಮಾಡುವ ಕೆಲಸ ಅಲ್ಲ ಬಿಡ್ರಿ. ಕಿನ್ನಾಳದ ಹಳೆಯ ಪದ್ಧತಿಯಲ್ಲಿ ತವರವನ್ನು ಪುಡಿಮಾಡಿ ಅಂಟಿನೊಡನೆ ಅರೆದು ಹಚ್ಚಿ ಉಜ್ಜಿದರೆ ಬೆಳ್ಳಿ. ಮೇಲೊಂದು ಹಳದಿ ಲೇಪ ಕೊಟ್ಟರೆ ಬಂಗಾರ. ಖರ್ಚಿನ ಲೆಕ್ಕ ಬಲ್ಲ ಜಾಣತನ ಇದು.

ಬಣ್ಣಕ್ಕೆ ತತ್ತಿ ಬೇಕು. ಹಳದಿ ಭಂಡಾರವನ್ನು ಅಂಗೈಯಿಂದ ಅಂಗೈಗೆ ಉರುಳಿಸಿ ಲೋಳೆ ಒರೆಸಿ, ಅದರ ಪೊರೆಯನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ, ಕೆಳಗಿಂದ ಚುಚ್ಚುತ್ತಾರೆ. ಒಳಗಿನದು ಬಟ್ಟಲಿಗೆ ಇಳಿಯುತ್ತದೆ, ಪೊರೆ ಬೆರಳಲ್ಲೇ ಉಳಿಯುತ್ತದೆ. ಅದಕ್ಕೆ ಸ್ವಲ್ಪ ನೀರು, ವಿನೆಗರ್ ಅಥವಾ ವೈನ್ ಬೆರೆಸಿ, ಅರೆದ ಖನಿಜದ ಪುಡಿ ಕಲಸಿದರೆ ಬಣ್ಣ ಸಿದ್ಧ. ಹಳದಿಯಲ್ಲಿ ನೀರೂ ಇದೆ, ಕೊಬ್ಬೂ ಇದೆ. ಇಬ್ಬರನ್ನೂ ಕೂಡಿಸಿ ಇಡುವುದು ಲೆಸಿಥಿನ್. ನೀರು ಕೆಲವೇ ಕ್ಷಣದಲ್ಲಿ ಆರುತ್ತದೆ, ಆದರೆ ಪದರ ಪೂರ್ತಿ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು.

ಹಚ್ಚುವ ಕ್ರಮವೂ ತಲೆಕೆಳಗು. ಮುಖಕ್ಕೆ ಮೊದಲು ಹಸಿರು-ಕಂದು ಮಿಶ್ರಿತ ಕಪ್ಪುಛಾಯೆ. ಅದರ ಮೇಲೆ ತಿಳಿಯಾದ ಕಾವಿ, ಪ್ರತಿ ಸಲ ಇನ್ನಷ್ಟು ಬೆಳಕು, ಇನ್ನಷ್ಟು ಕಿರಿದು ಜಾಗ. ಕಡೆಗೆ ಕಣ್ಣಿನ ಕೆಳಗೆ, ಹಣೆಯ ಮೇಲೆ ಕೂದಲೆಳೆಯಂಥ ಬಿಳಿಗೆರೆ. ಬೆಳಕು ಎಲ್ಲಿಂದಲೋ ಬಿದ್ದಂತೆ ಅಲ್ಲ, ಒಳಗಿಂದ ಬಂದಂತೆ ಕಾಣುತ್ತದೆ. ಐಕಾನಿನಲ್ಲಿ ಯಾರ ನೆರಳೂ ನೆಲಕ್ಕೆ ಬೀಳುವುದಿಲ್ಲ. ರಷ್ಯದ ಹಳೆಯ ಕಾರ್ಯಾಗಾರಗಳಲ್ಲಿ ಉಡುಪು, ಬೆಟ್ಟ, ಕಟ್ಟಡ ಮೊದಲು ಮುಗಿಸಿ ಮುಖ ಕೊನೆಗೆ ಬರೆಯುತ್ತಿದ್ದರು. ನಮ್ಮ ಶಿಲ್ಪಿಗಳು ಕಣ್ಣು ತೆರೆಸುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವ ಹಾಗೆ.

ಶಿಬಿರಕ್ಕೆ ಹೋದ ಹೊಸಬರಿಗೆ ಮುಜುಗರವಾಗುವುದು ಒಂದೇ ಮಾತಿಗೆ: ನಿನ್ನದೇನೂ ಸೇರಿಸಬೇಡ, ಹಳೆಯದನ್ನು ನೋಡಿ ಬರಿ. ಹಲಗೆಯ ಮುಂದೆ ಸಹಿಯೂ ಇಲ್ಲ. ಬರೆಯಬೇಕಾದ ಹೆಸರು ಸಂತನದು. ರಾತ್ರಿ ಹನ್ನೆರಡಕ್ಕೆ ಗೆಳೆಯನ ಜರ್ನಲ್ ಇಳಿಸಿಕೊಳ್ಳುವ ನಮಗೆ ಕಾಪಿ ಅಂದರೆ ಯೋಚನೆ ಇಲ್ಲದ ಕೆಲಸ. ಇಲ್ಲಿ ಹಾಗಲ್ಲ. ಮಡಿಕೆಯ ಒಂದು ಗೆರೆ ಯಾಕೆ ಅಲ್ಲಿ ತಿರುಗಿದೆ ಅಂತ ತಿಳಿಯದೆ ಅದನ್ನು ಇಳಿಸಿದರೆ ಉಡುಪಿನ ಒಳಗೆ ಮೈ ಇಲ್ಲದಂತಾಗುತ್ತದೆ. 1551ರಲ್ಲಿ ಮಾಸ್ಕೋದ ಚರ್ಚಿನ ಸಭೆ ಆಂದ್ರೇಯ್ ರುಬ್ಲ್ಯೋವ್ ಬರೆದಂತೆ ಬರೆಯಿರಿ ಎಂದು ಚಿತ್ರಕಾರರಿಗೆ ವಿಧಿಸಿತು. ಆದರೆ ಮೇಲಿನ ಅಗಸೆಎಣ್ಣೆಯ ವಾರ್ನಿಷ್ ದಶಕಗಳಲ್ಲಿ ಕಪ್ಪಾಗುತ್ತದೆ, ಅದರ ಮೇಲೆ ಮತ್ತೆ ಯಾರೋ ಬರೆಯುತ್ತಾರೆ. ರುಬ್ಲ್ಯೋವನ ‘ತ್ರಿತ್ವ’ ಐಕಾನನ್ನು 1904ರಲ್ಲಿ ಶುಚಿಮಾಡತೊಡಗಿದಾಗಲೇ ಒಳಗಿನ ಆ ತಿಳಿನೀಲಿ ಹೊರಬಂತು.

ಕೈ ತಪ್ಪಿದರೆ ಕಸುಬು ಎಲ್ಲಿಗೆ ಹೋಗುತ್ತದೆ ಅನ್ನೋದಕ್ಕೆ ರಷ್ಯದ ಪಾಲೆಖ್ ಹಳ್ಳಿ ಇದೆ. 1917ರ ಕ್ರಾಂತಿಯ ನಂತರ ಐಕಾನ್ ಕೊಳ್ಳುವವರಿಲ್ಲದೆ, 1924ರಲ್ಲಿ ಅಲ್ಲಿನ ಚಿತ್ರಕಾರರು ಸಂಘ ಕಟ್ಟಿ ಕರಿ ಮೆರುಗಿನ ಪುಟ್ಟ ಡಬ್ಬಿಗಳ ಮೇಲೆ ಅಜ್ಜಿಕತೆ ಬರೆಯತೊಡಗಿದರು. ದೇವರು ಹೋದ, ತತ್ತಿಯ ಬಣ್ಣ ಉಳಿಯಿತು. ಕಿನ್ನಾಳದಲ್ಲಿ ದೇವರೂ ಇದ್ದಾನೆ, ಗೌರಿಯೂ ಗರುಡನೂ ಇದ್ದಾರೆ. ಆದರೆ ಕಿಟ್ಟ ಕಲಸುವ ಹದ ಬಲ್ಲ ಮನೆಗಳು ಕೆಲವೇ. ಹುಣಸೆಬೀಜದ ಅಂಟು ಯಾವಾಗ ಸಾಕು ಅನ್ನುವುದು ಪುಸ್ತಕದಲ್ಲಿ ಸಿಗುವುದಲ್ಲ, ಬೆರಳಿಗೆ ಗೊತ್ತಾಗುವುದು.

ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಗದಗ ದಾಟಿದರೆ ಕೊಪ್ಪಳ, ಅಲ್ಲಿಂದ ಕಿನ್ನಾಳ ಹತ್ತಿರ. ಹೋಗುವ ಮುಂಚೆ ಹಾಸ್ಟೆಲಿನಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದೇ ಮರದ ಎರಡು ತುಂಡು ತಗೊಳ್ರಿ. ಒಂದಕ್ಕೆ ಅರಿವಿ ಅಂಟಿಸಿ, ಇನ್ನೊಂದಕ್ಕೆ ಬಿಟ್ಟು, ಎರಡಕ್ಕೂ ಸೀಮೆಸುಣ್ಣದ ಲೇಪ ಸಮನಾಗಿ ಕೊಟ್ಟು ಕಿಟಕಿಯ ಹತ್ತಿರ ಇಡ್ರಿ. ನಮ್ಮೂರಿನ ಆಷಾಢದ ಜಿಟಿಜಿಟಿ ಮಳೆ, ಏಪ್ರಿಲ್ ಬಿಸಿಲು ಎರಡೂ ದಾಟಲಿ. ಬಿರುಕು ಮೊದಲು ಯಾವುದರಲ್ಲಿ ಬಂತು, ಎಳೆಯ ಉದ್ದಕ್ಕೋ ಅಡ್ಡಕ್ಕೋ ಅಂತ ಫೋಟೊ ತೆಗೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ.