ಇನ್ನೂ ಇಪ್ಪತ್ತು ಅಶ್ವಶಕ್ತಿ ಬೇಕೇ?

ಪ್ರಶ್ನೆ: ಅಮೆರಿಕದ ಕೊಲರಾಡೊದಲ್ಲಿದ್ದೇನೆ. ಗ್ಯಾರೇಜಿನಲ್ಲಿ ವ್ಯಾನ್ಸ್ ಕಂಪನಿಯ ಆರ್‌ವಿ-9ಎ ಕಿಟ್ ವಿಮಾನ ಕಟ್ಟುತ್ತಿದ್ದೇನೆ. ಎಂಜಿನ್ ಆರ್ಡರ್ ಮಾಡುವ ಹೊತ್ತು ಬಂದಿದೆ. ವಿನ್ಯಾಸಕರು ಹಾಕಿರುವ ಮಿತಿ 160 ಅಶ್ವಶಕ್ತಿ. ‘ಇಷ್ಟು ಎತ್ತರದ ಊರಲ್ಲಿ 180 ಇಲ್ಲದಿದ್ದರೆ ಅಪಾಯ’ ಎನ್ನುತ್ತಾರೆ ಸ್ನೇಹಿತರು. ನಾನು ಹಾರಲು ಕಲಿತದ್ದು ಸೆಸ್ನಾ 172ಆರ್‌ನಲ್ಲಿ. ಹೆಂಡತಿಗೆ ಭಯ, ನನಗೆ ನಿದ್ದೆಯಿಲ್ಲ.

ಉತ್ತರ: ಸ್ನೇಹಿತರ ಮಾತಿನಲ್ಲಿ ಹುರುಳಿದೆ. ಐದೂವರೆ ಸಾವಿರ ಅಡಿ ಎತ್ತರದ ರನ್‌ವೇಯಲ್ಲಿ 30 ಡಿಗ್ರಿ ಬಿಸಿಲಿದ್ದರೆ ಗಾಳಿ 8,000 ಅಡಿಗೂ ಮೇಲಿನಷ್ಟು ತೆಳುವಾಗಿರುತ್ತದೆ. ಟರ್ಬೊ ಇಲ್ಲದ 160ರ ಎಂಜಿನ್ ಅಲ್ಲಿ 120ರ ಆಸುಪಾಸು ಕೊಟ್ಟೀತು. ಆದರೆ 180ರದ್ದೂ ಅದೇ ಪ್ರಮಾಣದಲ್ಲಿ ಸೊರಗುವುದರಿಂದ ಕೊನೆಗೆ ಸಿಗುವ ಲಾಭ ಹದಿನೈದು ಅಶ್ವಶಕ್ತಿ. ನಿಮ್ಮ ಸೆಸ್ನಾದಲ್ಲಿ ಇದೇ 160 ಅಶ್ವಶಕ್ತಿ 2,450 ಪೌಂಡ್ ಹೊರುತ್ತಿತ್ತು. ನೀವು ಕಟ್ಟುತ್ತಿರುವ ವಿಮಾನದ ಗರಿಷ್ಠ ತೂಕವೇ 1,750 ಪೌಂಡ್. ಏರಲು ಬೇಕಾದ ಮಿಗುತಾಯ ಶಕ್ತಿ ಅಲ್ಲಿಯೇ ಇದೆ.

ಹಣ ಖರ್ಚು ಮಾಡುವುದಾದರೆ ಪ್ರೊಪೆಲ್ಲರಿಗೆ ಮಾಡಿ. ವೇಗಕ್ಕೆಂದು ಹೊಂದಿಸಿದ ಫಿಕ್ಸೆಡ್ ಪಿಚ್ ಪ್ರೊಪೆಲ್ಲರ್ ನೆಲ ಬಿಡುವಾಗ ಎಂಜಿನ್ನನ್ನು ಪೂರ್ತಿ ಸುತ್ತಲು ಬಿಡುವುದಿಲ್ಲ, ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್ ಬಿಡುತ್ತದೆ. ಎತ್ತರದ ಊರಿಗೆ ಇದೇ ಸರಿಯಾದ ಮದ್ದು.

ವಿನ್ಯಾಸಕರ ಮಿತಿಯನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಆರ್‌ವಿ-9ರ ಉದ್ದನೆಯ ರೆಕ್ಕೆ ಸಣ್ಣ ಎಂಜಿನ್ನಿಗೆಂದೇ ರೂಪುಗೊಂಡದ್ದು. ಆ ವಿಮಾನ ಮೀರಲೇಬಾರದ ವೇಗ ಗಂಟೆಗೆ 210 ಮೈಲಿ. 160ರ ಎಂಜಿನ್ನಿನಲ್ಲೇ ಅದು 190ರ ಮೇಲೆ ಹೋಗಬಲ್ಲದು, ಆದ್ದರಿಂದ ಉಳಿಯುವ ಅಂತರ ತೀರಾ ಸಣ್ಣದು. ಆ 210 ಎನ್ನುವುದು ನಿಜವೇಗ, ಮಾಪಕದ ಅಂಕಿಯಲ್ಲ. 12,000 ಅಡಿಯಲ್ಲಿ ಮಾಪಕ 175 ತೋರಿಸುತ್ತಿರುವಾಗಲೇ ವಿಮಾನ 210 ಮುಟ್ಟಿರುತ್ತದೆ. ಅದನ್ನು ದಾಟಿದರೆ ರೆಕ್ಕೆ, ಬಾಲಗಳಲ್ಲಿ ಫ್ಲಟರ್ ಎಂಬ ಕಂಪನ ಹುಟ್ಟಬಹುದು. ಅದು ಹುಟ್ಟಿದರೆ ಕ್ಷಣಗಳಲ್ಲಿ ಲೋಹ ಹರಿಯುತ್ತದೆ. ಬೆಟ್ಟ ದಾಟಿ ಮೂಗು ತಗ್ಗಿಸಿ ಇಳಿಯುವಾಗ ಹೆಚ್ಚುವರಿ ಶಕ್ತಿ ನಿಮ್ಮನ್ನು ಆ ಅಂಚಿಗೇ ತಳ್ಳುತ್ತದೆ.

ನನಗೆ ಎಂಜಿನ್ನಿಗಿಂತ ಹೆಚ್ಚಿನ ಚಿಂತೆ ನಿಮ್ಮ ಕೈಯದು. ಸೆಸ್ನಾದ ಯೋಕ್ ಎಳೆಯಲು ತೋಳಿನ ಬಲ ಬೇಕು. ಆರ್‌ವಿಯ ಸ್ಟಿಕ್ಕಿಗೆ ಎರಡು ಬೆರಳು ಸಾಕು. ಹಳೆಯ ಅಭ್ಯಾಸದಲ್ಲಿ ಎಳೆದರೆ ಮೂಗು ಮೇಲೇಳುತ್ತದೆ, ಗಾಬರಿಯಲ್ಲಿ ತಳ್ಳಿದರೆ ಕೆಳಗೆ ಬೀಳುತ್ತದೆ, ಅದೂ ನೆಲಕ್ಕೆ ಕೆಲವೇ ಅಡಿ ಮೇಲೆ. ರೆಕ್ಕೆಯ ಮುಂಭಾಗದ ಟ್ಯಾಂಕಿನ ಪೆಟ್ರೋಲ್ ಖರ್ಚಾದಂತೆ ಗುರುತ್ವ ಕೇಂದ್ರ ಹಿಂದೆ ಸರಿಯುವುದರಿಂದ, ಹೊರಟಾಗ ಇದ್ದದ್ದಕ್ಕಿಂತ ಇಳಿಯುವಾಗ ಸ್ಟಿಕ್ ಇನ್ನೂ ಸೂಕ್ಷ್ಮವಾಗಿರುತ್ತದೆ. ಹಿಂದೆ ಸಾಮಾನು ತುಂಬಿದ ದಿನ ಇದನ್ನು ಲೆಕ್ಕ ಹಾಕಿಯೇ ಹತ್ತಿ. ಇಳಿಯುವುದನ್ನು ಕೈಬಿಟ್ಟು ಮತ್ತೆ ಏರಲು, ಅಂದರೆ ಗೋ-ಅರೌಂಡ್‌ಗೆ, ಥ್ರಾಟಲ್ ಪೂರ್ತಿ ಕೊಟ್ಟಾಗ ಮೂಗು ಮೇಲೆದ್ದು ಎಡಕ್ಕೆ ತಿರುಗುತ್ತದೆ; ಬಲಗಾಲು ತಕ್ಷಣ ರಡರ್ ಒತ್ತಬೇಕು. ಎಂಜಿನ್ ದೊಡ್ಡದಾದಷ್ಟೂ ಈ ಎಳೆತ ಜೋರು.

ಇವು ಓದಿ ಬರುವುದಿಲ್ಲ. ಆರ್‌ವಿ ಇರುವ ಬೋಧಕರನ್ನು ಹುಡುಕಿ, ನಿಧಾನ ಹಾರಾಟ, ಸ್ಟಾಲ್, ಗೋ-ಅರೌಂಡ್ ಮೂರನ್ನೂ ಕೈ ಪಳಗುವವರೆಗೆ ಮಾಡಿ. ಅದು ಮೊದಲ ಹಾರಾಟಕ್ಕೆ ಸ್ವಲ್ಪ ಮುಂಚೆಯೇ ಆಗಲಿ. ವರ್ಷದ ಹಿಂದೆ ಕಲಿತದ್ದು ಕೈಯಲ್ಲಿ ಉಳಿದಿರುವುದಿಲ್ಲ. ಆದರೆ ಎಂಜಿನ್ ಆರ್ಡರ್ ಮಾಡುವ ಮುನ್ನ 160ರ ಆರ್‌ವಿ-9ಎಯಲ್ಲಿ ಒಮ್ಮೆ ಕೂತು, ಬಿಸಿಲ ಮಧ್ಯಾಹ್ನ ನಿಮ್ಮದೇ ರನ್‌ವೇಯಿಂದ ಏರಿ ನೋಡಿ.

ನಿಮ್ಮ ಮನೆಯವರಿಗೆ ಒಂದು ಮಾತು ಸ್ಪಷ್ಟವಾಗಿ ತಿಳಿಸಿ: ಪರೀಕ್ಷಾ ಹಾರಾಟದ ಹಂತ ಮುಗಿಯುವವರೆಗೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ, ಅದು ಅಲ್ಲಿನ ನಿಯಮ. ಆಮೇಲೂ ಅವರು ಹತ್ತುವ ದಿನವನ್ನು ಅವರೇ ಆರಿಸಲಿ.